ಬೋರ್‌ವೆಲ್ ಬಿಟ್ಟಿನ ಗಟ್ಟಿ ಗುಂಡಿಗಳು

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಬೋರ್‌ವೆಲ್ ಲಾರಿ ನೋಡದವರು ಯಾರಿದ್ದಾರೆ? ಇದು ಮಳೆ ಕಡಿಮೆಯಾದ ಸೀಮೆ. ನೀರು ಹೆಚ್ಚಾಗಿ ನೆಲದಡಿಯ ಬಂಡೆಯ ಬಿರುಕುಗಳಲ್ಲಿ ಅಡಗಿದೆ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿದ್ದೀರಲ್ಲ, ಅಂಥ ಗಟ್ಟಿ ಬಂಡೆಯನ್ನು ನೂರಾರು ಅಡಿ ಕೊರೆಯುವುದು ಹೇಗೆ? ಬನ್ನಿ, ಕೊರೆಯುವ ತುದಿಯನ್ನೇ ನೋಡೋಣ.

ಆ ತುದಿಗೆ ಬಿಟ್ ಎನ್ನುತ್ತಾರೆ. ಅದರ ಮೈ ಉಕ್ಕಿನದು. ಮುಖದ ತುಂಬ ಮಾತ್ರ ಬೂದು ಬಣ್ಣದ ಉರುಟು ಗುಂಡಿಗಳು. ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆಯೊಂದು ಬಿಟ್ಟನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಗುದ್ದುತ್ತದೆ. ಒಂದೊಂದು ಗುದ್ದಿಗೂ ಗುಂಡಿಗಳು ಬಂಡೆಯನ್ನು ಒಂದಿಷ್ಟು ಪುಡಿ ಮಾಡುತ್ತವೆ. ಅದೇ ಗಾಳಿ ಆ ಪುಡಿಯನ್ನು ಮೇಲಕ್ಕೆ ಊದುತ್ತದೆ. ಹೊಲದ ತುಂಬ ಹಾರುವ ದೂಳು ಅದೇ!

ಗುಂಡಿಗಳೊಳಗೆ ಇರುವ ಲೋಹದ ಹೆಸರು ಟಂಗ್‌ಸ್ಟನ್. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ಟಂಗ್‌ಸ್ಟನ್‌ಗೆ 3,422 ಡಿಗ್ರಿ ಬೇಕು. ಬೇರೆ ಯಾವ ಲೋಹಕ್ಕೂ ಇಷ್ಟು ಬಿಸಿ ಬೇಡ. ಅದಕ್ಕೇ ಹಳೆಯ ಬಲ್ಬುಗಳಲ್ಲಿ ಬೆಳ್ಳಗೆ ಕಾದು ಬೆಳಗುತ್ತಿದ್ದ ಸಣ್ಣ ತಂತಿಯೂ ಇದರದೇ.

ಇಷ್ಟು ಬಿಸಿಯಲ್ಲಿ ಕರಗಿಸಿ ಎರಕ ಹೊಯ್ಯುವುದು ಬಲು ಕಷ್ಟ. ಹಾಗಾದರೆ ಗುಂಡಿ ಮಾಡುವುದು ಹೇಗೆ? ಶೇಂಗಾ ಚಿಕ್ಕಿಯನ್ನು ನೆನೆಸಿಕೊಳ್ಳಿ. ಅಲ್ಲಿ ಕರಗುವುದು ಬೆಲ್ಲ, ಬೀಜವಲ್ಲ. ಪಾಕ ಬೀಜಗಳ ಸಂದಿಗೆಲ್ಲ ಇಳಿದು, ಆರಿದ ಮೇಲೆ ಅವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಲ್ಲಿಯೂ ಹಾಗೆಯೇ. ಟಂಗ್‌ಸ್ಟನ್ ಮತ್ತು ಇಂಗಾಲ ಸೇರಿದ ಕಾರ್ಬೈಡ್ ಪುಡಿಯೇ ಬೀಜ, ಕೋಬಾಲ್ಟ್ ಎಂಬ ಲೋಹವೇ ಬೆಲ್ಲ. ಎರಡನ್ನೂ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1,400 ಡಿಗ್ರಿಯಲ್ಲಿ ಕಾಯಿಸಿದರೆ ಬಂಡೆಗಿಂತ ಗಟ್ಟಿಯಾದ ಗುಂಡಿ ಸಿದ್ಧ.

ಇದೇ ಟಂಗ್‌ಸ್ಟನ್ ಪುಡಿಯನ್ನು ಇಂಗಾಲದ ಬದಲು ಸ್ವಲ್ಪ ನಿಕ್ಕಲ್, ಕಬ್ಬಿಣದ ಜೊತೆ ಸೇರಿಸಿ ಕಾಯಿಸಿದರೆ ಬೇರೆಯೇ ಗುಣ ಬರುತ್ತದೆ. ಅದು ಭಾರದ ಮಿಶ್ರಲೋಹ. ಅರ್ಧ ಲೀಟರ್ ನೀರು ಅರ್ಧ ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಈ ಮಿಶ್ರಲೋಹ ಸುಮಾರು 9 ಕಿಲೋ! ಜಾಗ ಚಿಕ್ಕದು, ತೂಕ ಹೆಚ್ಚು ಬೇಕು ಎನ್ನುವ ಕಡೆ ಇದನ್ನು ಬಳಸುತ್ತಾರೆ. ವಿಮಾನದ ಸಮತೋಲಕ್ಕೆ ಇಡುವ ತೂಕಗಳು ಇದರವು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಕಿರಣ ಅಕ್ಕಪಕ್ಕಕ್ಕೆ ಹರಡದಂತೆ ತಡೆಯುವ ತಟ್ಟೆಗಳೂ ಇದರವೇ.

ನೋಡಿದಿರಾ, ಲೋಹ ಒಂದೇ. ಇಂಗಾಲದ ಜೊತೆ ಸೇರಿ ಬಂಡೆ ಒಡೆಯುತ್ತದೆ, ನಿಕ್ಕಲ್ ಜೊತೆ ಸೇರಿ ರೋಗಿಯನ್ನು ಕಾಯುತ್ತದೆ. ಈ ಲೋಹ ನಮ್ಮ ನೆಲದಲ್ಲೂ ಇದೆ: ಕರ್ನಾಟಕದ ಕೋಲಾರ ಮತ್ತು ಹಟ್ಟಿಯ ಚಿನ್ನದ ಅದಿರಿನ ಜೊತೆಗೆ ಟಂಗ್‌ಸ್ಟನ್ ಇರುವ ಷೀಲೈಟ್ ಎಂಬ ಖನಿಜ ಸಿಕ್ಕಿದೆ.

ನಿಮ್ಮೂರಿಗೆ ಬೋರ್‌ವೆಲ್ ಲಾರಿ ಬಂದಾಗ ದೂಳು, ಸದ್ದಿನಿಂದ ದೂರ ನಿಲ್ಲಿ. ಕೆಲಸ ಮುಗಿದ ಮೇಲೆ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಸವೆದ ಬಿಟ್ ಇದ್ದರೆ ತೋರಿಸಿ ಎಂದು ಕೇಳಿ. ಅಂಚಿನ ಗುಂಡಿ ಹೆಚ್ಚು ಸವೆದಿದೆಯೋ, ನಡುವಿನದೋ? ಯಾಕಿರಬಹುದು? ನೀವೇ ಯೋಚಿಸಿ ಬರೆದಿಡಿ.