ಪ್ರಬಂಧಗಳು ಬೀರುವಿನಿಂದ ಹೊರಬರಲಿ



ಒಂದು ಪಿಎಚ್.ಡಿ. ಪ್ರಬಂಧಕ್ಕೆ ನಾಲ್ಕೈದು ವರ್ಷದ ದುಡಿಮೆ ಬೇಕು. ಹಿಂದೆ ಅದರ ಒಂದೆರಡು ಪ್ರತಿ ವಿಶ್ವವಿದ್ಯಾನಿಲಯದ ಗ್ರಂಥಾಲಯ ಸೇರಿದರೆ ಮುಗಿಯಿತು. ಓದಬೇಕೆಂದವರು ಬಸ್ಸು ಹತ್ತಿ ಅಲ್ಲಿಗೇ ಹೋಗಬೇಕಿತ್ತು. ಈ ತೊಂದರೆಯನ್ನು ಬೇಗ ಗುರುತಿಸಿದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯ. 2000ದ ಸುಮಾರಿಗೆ ಅಲ್ಲಿ ‘ವಿದ್ಯಾನಿಧಿ’ ಎಂಬ ಡಿಜಿಟಲ್ ಭಂಡಾರ ಶುರುವಾಯಿತು. 2009ರಲ್ಲಿ ಯುಜಿಸಿ, ಪ್ರಬಂಧದ ಡಿಜಿಟಲ್ ಪ್ರತಿಯನ್ನೂ ಕೊಡಬೇಕೆಂದು ನಿಯಮ ಮಾಡಿತು. ಇಂದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ದಲ್ಲಿ ನೂರಾರು ವಿಶ್ವವಿದ್ಯಾನಿಲಯಗಳ ಪ್ರಬಂಧಗಳು ಒಂದೇ ಕಡೆ, ಉಚಿತವಾಗಿ ಸಿಗುತ್ತವೆ.

ಆದರೆ ಭಂಡಾರಕ್ಕೆ ಸೇರಿದ್ದೆಲ್ಲ ಹುಡುಕಿದಾಗ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನೊಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ‘ಕೆರೆ’ ಎಂದು ಹುಡುಕಿದರೆ, ಕೆರೆಗಳ ಮೇಲೆಯೇ ಬರೆದ ಪ್ರಬಂಧವೂ ಕಾಣದೆ ಹೋಗಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದೆ ಸಂಶೋಧನೆ ಮಾಡುವವರು ಯೂನಿಕೋಡ್‌ನಲ್ಲಿ ಬರೆಯಿರಿ. ಶೀರ್ಷಿಕೆ, ಸಾರಾಂಶ, ಊರುಗಳ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಡಿ. ಈಗಾಗಲೇ ಪಿಎಚ್.ಡಿ. ಮಾಡಿರುವ ಗುರುಗಳು, ಹಿರಿಯರು ತಮ್ಮ ಪ್ರಬಂಧ ಅಲ್ಲಿದೆಯೇ ಎಂದು ದಯವಿಟ್ಟು ನೋಡಿ. ಇಲ್ಲದಿದ್ದರೆ ನಿಮ್ಮ ವಿಶ್ವವಿದ್ಯಾನಿಲಯದ ಗ್ರಂಥಪಾಲಕರನ್ನು ಕೇಳಿ. ಮಕ್ಕಳೇ, ನೀವು ಶಾಲೆಯ ಕಂಪ್ಯೂಟರಿನಲ್ಲಿ ನಮ್ಮ ತಾಲ್ಲೂಕಿನ ಹೆಸರು ಹಾಕಿ ಹುಡುಕಿ. ನಮ್ಮ ಹೊಲ, ಹಬ್ಬ, ಮಾತಿನ ಬಗ್ಗೆ ಯಾರೋ ಕಷ್ಟಪಟ್ಟು ಬರೆದಿರುವುದನ್ನು ನೀವೂ ಓದಬೇಕು.