ಗುರುಮುಖವಾದ ಸ್ವಾಧ್ಯಾಯವೂ ವೈದ್ಯವಿದ್ಯಾರ್ಥಿಯೂ

 

ವೈದ್ಯವಿದ್ಯೆಗೆಂದು ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸಿದ ಮನೆಗಳು ನಮ್ಮ ಸೀಮೆಯಲ್ಲಿಯೂ ಉಂಟು. ಆ ಮಕ್ಕಳು ಗ್ರಂಥಗಳನ್ನು ಓದಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದುವುದು ಅವಶ್ಯವೇ ಸರಿ. ಆದರೆ ಗ್ರಂಥದಲ್ಲಿ ಬರೆದಿರುವುದು ಮೊದಲು ಹೇಗೆ ತಿಳಿದುಬಂದಿತೆಂಬುದನ್ನು ಅರಿಯದ ವಿದ್ಯೆಯು ಅರ್ಧವಿದ್ಯೆಯೇ. ಗುರುವಿನ ಕಣ್ಣೆದುರಿನಲ್ಲಿ ಶಿಷ್ಯನು ತಾನೇ ಒಂದು ಪ್ರಶ್ನೆಯನ್ನು ಹಿಡಿದು ಶೋಧಿಸುವ ಅಭ್ಯಾಸವನ್ನು ಕುರಿತು ಎರಡು ಮಾತುಗಳನ್ನು ಅರಿಕೆ ಮಾಡುವೆನು.

ಪಾಠಶಾಲೆಯಲ್ಲಿ ಓದಿದವರಿಗೆ ಈ ಕ್ರಮವು ಹೊಸದಲ್ಲ. ಅಧಿಕರಣವೊಂದನ್ನು ವಿಚಾರಿಸುವಾಗ ವಿಷಯವಾವುದು, ಸಂಶಯವೇನು, ಪೂರ್ವಪಕ್ಷವೇನು ಎಂದು ಕೇಳಿದ ಬಳಿಕವೇ ಗುರುಗಳು ಸಿದ್ಧಾಂತಕ್ಕೆ ಎಡೆಗೊಡುವರು. ಭೇದವಿಷ್ಟೆ: ಅಲ್ಲಿ ಶಾಸ್ತ್ರವಾಕ್ಯವು ಪ್ರಮಾಣವು, ವೈದ್ಯಸಂಶೋಧನೆಯಲ್ಲಿ ಅಳತೆಯೂ ಅವಲೋಕನವೂ ಪ್ರಮಾಣವು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವೈದ್ಯವಿದ್ಯಾರ್ಥಿಗಳಿಗೆಂದೇ ೧೯೭೯ರಲ್ಲಿ ಅಲ್ಪಾವಧಿಯ ಸಂಶೋಧನಾ ವಿದ್ಯಾರ್ಥಿವೇತನವನ್ನು ಆರಂಭಿಸಿತು. ವಿದ್ಯಾರ್ಥಿಯು ಮಾರ್ಗದರ್ಶಕರಾದ ಅಧ್ಯಾಪಕರೊಬ್ಬರನ್ನು ಆಶ್ರಯಿಸಿ, ಪ್ರಶ್ನೆಯನ್ನು ಬರೆದು ಒಪ್ಪಿಸಿ, ಎರಡು ತಿಂಗಳು ದುಡಿದು ವರದಿಯನ್ನು ಸಲ್ಲಿಸಬೇಕು. ೨೦೧೯ರಲ್ಲಿ ಬಂದ ಪಠ್ಯಕ್ರಮವೂ ಸ್ವಾಧ್ಯಯನಕ್ಕೆ ಪ್ರತ್ಯೇಕ ಕಾಲವನ್ನು ಗೊತ್ತುಮಾಡಿತು.

ಪ್ರಶ್ನೆಯನ್ನು ದೂರ ಅರಸಬೇಕಾದುದಿಲ್ಲ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಒಂದು ಲೀಟರಿಗೆ ೧.೫ ಮಿಲಿಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮೇರೆ. ಅದಕ್ಕೂ ಮಿಗಿಲಾದರೆ ಮಕ್ಕಳ ಹಲ್ಲು ಕಲೆಗಟ್ಟುವುದು; ಬಹುಕಾಲ ಬಹಳವಾಗಿ ಸೇವಿಸಿದವರ ಎಲುಬುಕೀಲುಗಳು ಬಿಗಿಯುವುವು. ನೀರನ್ನು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ನಮ್ಮ ದೇಶದಲ್ಲಿ ಈ ವ್ಯಾಧಿಯನ್ನು ನೆಲ್ಲೂರು ಜಿಲ್ಲೆಯ ಜನರಲ್ಲಿ ಕಂಡು ವೈದ್ಯರು ೧೯೩೭ರಲ್ಲಿಯೇ ಬರೆದರು.

ಶಿಷ್ಯನೊಬ್ಬನು ನೂರು ಮಂದಿಯ ಹಲ್ಲನ್ನೂ ಊರಿನ ಬಾವಿಯ ನೀರನ್ನೂ ಪರೀಕ್ಷಿಸಿ ಎರಡಕ್ಕೂ ಸಂಬಂಧವುಂಟೆಂದು ಸಾಧಿಸಹೊರಟನೆನ್ನಿ. ಗುರುವು ಉತ್ತರವನ್ನು ಹೇಳಿಕೊಡನು, ಪೂರ್ವಪಕ್ಷವನ್ನು ಎತ್ತುವನು: “ಹಲ್ಲಿನ ಕವಚವು ರೂಪುಗೊಳ್ಳುವುದು ಶೈಶವದಲ್ಲಿ. ಮೂವತ್ತರ ಪ್ರಾಯದವನ ಕಲೆಗೆ ಇಂದಿನ ಬಾವಿಯು ಹೇಗೆ ಸಾಕ್ಷಿ? ಬೇರೆ ಊರಿನಿಂದ ಮದುವೆಯಾಗಿ ಬಂದವಳು ಬಾಲ್ಯದಲ್ಲಿ ಯಾವ ನೀರು ಕುಡಿದಳು? ಎಲೆಅಡಕೆಯ ಕಲೆಯನ್ನು ಬೇರ್ಪಡಿಸಿದೆಯಾ? ಅದೇ ಹಲ್ಲನ್ನು ಮತ್ತೊಬ್ಬನು ನೋಡಿದರೆ ನಿನ್ನಂತೆಯೇ ಎಣಿಸುವನೆ?” ಈ ನಾಲ್ಕು ಪ್ರಶ್ನೆಗಳಿಗೆ ಸಮಾಧಾನವನ್ನು ತಾನೇ ಕಂಡುಕೊಂಡ ಶಿಷ್ಯನು ಮುಂದೆ ಯಾವ ರೋಗಿಯ ಮುಂದೆಯೂ ಅವಸರದ ತೀರ್ಪನ್ನು ಕೊಡಲಾರನು. ಈ ಅಭ್ಯಾಸದ ದೊಡ್ಡ ಫಲವಿದೇ.

ಇನ್ನೆರಡು ನಿಯಮಗಳುಂಟು. ಅಳತೆಯು ತನ್ನ ಎಣಿಕೆಗೆ ವಿರೋಧವಾಗಿ ಬಂದರೂ ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಗುರುವನ್ನು ಮೆಚ್ಚಿಸಲು ಅಂಕಿಯನ್ನು ತಿದ್ದುವುದು ಗುರುದ್ರೋಹವೇ ಆಗುವುದು. ಪರೀಕ್ಷೆಗೆ ಒಳಪಡುವವರಿಗೆ ಉದ್ದೇಶವನ್ನು ತಿಳಿಸಿ, ಅವರ ಒಪ್ಪಿಗೆಯನ್ನು ಪಡೆದು, ಕಂಡುದನ್ನು ಅವರಿಗೂ ತಿಳಿಸಬೇಕು. ನೀರು ಕೊಟ್ಟ ಊರಿಗೆ ಆ ನೀರಿನ ಗುಣದೋಷವನ್ನು ಹೇಳದೆ ಪ್ರಶಸ್ತಿಪತ್ರವನ್ನು ಮಾತ್ರ ಪಡೆದು ಹೋಗುವುದು ಧರ್ಮವಲ್ಲ.

ಭಕ್ತಮಹಾಶಯರೇ, ರಜೆಗೆ ಬಂದ ವೈದ್ಯವಿದ್ಯಾರ್ಥಿಯನ್ನು ಎಷ್ಟು ಅಂಕ ಬಂದಿತೆಂದು ಕೇಳುವಿರಿ, ಕೇಳಿರಿ. ಅದರೊಡನೆ, ನೀನಾಗಿ ಏನನ್ನು ಶೋಧಿಸಿದೆ, ನಿನ್ನನ್ನು ಪ್ರಶ್ನಿಸಿದ ಗುರು ಯಾರು ಎಂದೂ ಕೇಳಿರಿ. ನಮ್ಮ ಊರಿನ ನೀರಿನ ಗುಣವನ್ನು ನಮ್ಮ ಮಕ್ಕಳೇ ಅಳೆದು ಹೇಳುವ ಕಾಲವು ಬೇಗನೆ ಬರಲೆಂದು ಹಾರೈಸಿ ವಿರಮಿಸುವೆನು.