ಒಂದೇ ಬರಹ, ಹಲವು ಫೋನು

ಆಂಡ್ರಾಯ್ಡ್ ಫೋನಿಗಾಗಿ ಬರೆದ ಆ್ಯಪ್ ಐಫೋನಿನಲ್ಲಿ ನಡೆಯುವುದಿಲ್ಲ. ಐಫೋನಿಗಾಗಿ ಬರೆದದ್ದು ಆಂಡ್ರಾಯ್ಡ್‌ನಲ್ಲಿ ನಡೆಯುವುದಿಲ್ಲ. ಎರಡರ ಕಾರ್ಯಾಚರಣೆ ವ್ಯವಸ್ಥೆ ಬೇರೆ, ಪ್ರೋಗ್ರಾಮಿಂಗ್ ಭಾಷೆ ಬೇರೆ, ಪರದೆಯ ಮೇಲೆ ಗುಂಡಿ, ಪಟ್ಟಿ, ಅಕ್ಷರಗಳನ್ನು ಮೂಡಿಸುವ ಕ್ರಮವೂ ಬೇರೆ. ಹೀಗಾಗಿ ಒಂದು ಬ್ಯಾಂಕು ತನ್ನ ಎಲ್ಲ ಗ್ರಾಹಕರಿಗೂ ಒಂದೇ ಸೌಲಭ್ಯ ಕೊಡಬೇಕಾದರೆ ಅದೇ ಆ್ಯಪನ್ನು ಎರಡು ತಂಡಗಳಿಂದ ಎರಡು ಸಲ ಬರೆಸಬೇಕು. ತಪ್ಪೊಂದು ಕಂಡರೆ ಎರಡು ಕಡೆ ತಿದ್ದಿಸಬೇಕು. ಈ ಇಮ್ಮಡಿ ದುಡಿಮೆಯನ್ನು ತಪ್ಪಿಸಲು ಹುಟ್ಟಿದವು ಕ್ರಾಸ್ ಪ್ಲಾಟ್‌ಫಾರ್ಮ್ ಸಾಧನಗಳು. ಒಮ್ಮೆ ಬರೆದ ಕೋಡ್ ಹಲವು ಬಗೆಯ ಫೋನುಗಳಲ್ಲಿ ನಡೆಯುವಂತೆ ಮಾಡುವುದೇ ಇವುಗಳ ಕೆಲಸ. ಇವುಗಳ ಚರಿತ್ರೆಗೆ ಕಾಲು ಶತಮಾನ ತುಂಬಿದೆ. ಅಷ್ಟು ಕಾಲವೂ ಇವುಗಳನ್ನು ಕಟ್ಟಿದವರ ಮುಂದಿದ್ದ ಪ್ರಶ್ನೆ ಒಂದೇ: ಎಲ್ಲ ಫೋನುಗಳಿಗೂ ಸಮಾನವಾದ ಭಾಗ ಎಲ್ಲಿಯವರೆಗೆ, ಆಯಾ ಫೋನಿಗೆ ಬಿಡಬೇಕಾದ ಭಾಗ ಎಲ್ಲಿಂದ? ಆ ಗೆರೆಯನ್ನು ಎಲ್ಲಿ ಎಳೆದರು ಎಂಬುದೇ ಒಂದೊಂದು ಸಾಧನದ ಗುಣವನ್ನೂ ದೋಷವನ್ನೂ ನಿರ್ಧರಿಸಿತು.

ಮೊದಲ ದೊಡ್ಡ ಪ್ರಯತ್ನ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯದು. 1995ರಲ್ಲಿ ಅದು ಹೊರತಂದ ಜಾವಾ ಭಾಷೆಯ ಘೋಷಣೆಯೇ ಒಮ್ಮೆ ಬರೆದದ್ದು ಎಲ್ಲಿ ಬೇಕಾದರೂ ನಡೆಯಬೇಕು ಎಂಬುದಾಗಿತ್ತು. ಜಾವಾ ಕೋಡ್ ನೇರವಾಗಿ ಯಂತ್ರದ ಮೇಲೆ ನಡೆಯುವುದಿಲ್ಲ. ಯಂತ್ರಕ್ಕೂ ಕೋಡಿಗೂ ನಡುವೆ ವರ್ಚುವಲ್ ಮಷೀನ್ ಎಂಬ ಒಂದು ಪದರ ಇರುತ್ತದೆ. ಆ ಪದರ ಇರುವ ಯಾವ ಯಂತ್ರದಲ್ಲಾದರೂ ಅದೇ ಕೋಡ್ ನಡೆಯುತ್ತದೆ. 1999ರಲ್ಲಿ ಸನ್ ಇದನ್ನು ಸಣ್ಣ ಸಾಧನಗಳಿಗೆ ಇಳಿಸಿ ಜೆ2ಎಂಇ ಎಂಬ ಆವೃತ್ತಿಯನ್ನು ಪ್ರಕಟಿಸಿತು. ಅದರ ಪುಟ್ಟ ವರ್ಚುವಲ್ ಮಷೀನಿನ ಹೆಸರು ಕೆವಿಎಂ. ಹೆಸರಿನ ಮೊದಲಕ್ಷರ ಕಿಲೋಬೈಟನ್ನು ಸೂಚಿಸುತ್ತಿತ್ತು, ಏಕೆಂದರೆ ಆಗಿನ ಫೋನುಗಳ ಸ್ಮರಣೆಯನ್ನು ಅಳೆಯುತ್ತಿದ್ದದ್ದು ಕಿಲೋಬೈಟ್‌ಗಳಲ್ಲಿ. 2001ರ ಜನವರಿಯಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಜಾವಾ ಆಧಾರಿತ ಆ್ಯಪ್ ಸೇವೆಯನ್ನು ಆರಂಭಿಸಿತು. ನೋಕಿಯಾ, ಮೊಟೊರೊಲಾ, ಸೋನಿ ಎರಿಕ್ಸನ್ ಫೋನುಗಳಲ್ಲೂ ಜಾವಾ ನೆಲೆಸಿತು.

ಆದರೆ ಘೋಷಣೆ ಪೂರ್ತಿ ನಿಜವಾಗಲಿಲ್ಲ. ನೋಕಿಯಾ ಒಂದರಲ್ಲೇ ಸೀರೀಸ್ 40 ಮಾದರಿಯ ಮೊದಲ ಫೋನುಗಳ ಪರದೆ 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರವಿದ್ದರೆ ಸೀರೀಸ್ 60 ಮಾದರಿಯದು 176 ಮತ್ತು 208. ಮೊದಲ ಬಗೆಯಲ್ಲಿ ಇಡೀ ಆ್ಯಪ್ 64 ಕಿಲೋಬೈಟ್‌ಗಳೊಳಗೆ ಮುಗಿಯಬೇಕಿತ್ತು. ಕೀಲಿಗಳ ಜೋಡಣೆ, ಧ್ವನಿ, ಕ್ಯಾಮೆರಾ ಎಲ್ಲವೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತಿದ್ದವು. ಒಂದೇ ಆಟದ ಹತ್ತಾರು ಆವೃತ್ತಿಗಳನ್ನು ತಯಾರಿಸಿ ಒಂದೊಂದು ಫೋನಿನಲ್ಲೂ ಪರೀಕ್ಷಿಸುವುದು ಅನಿವಾರ್ಯವಾಯಿತು. ಒಮ್ಮೆ ಬರೆ, ಎಲ್ಲೆಡೆ ತಪ್ಪು ಹುಡುಕು ಎಂಬ ಮಾತು ತಂತ್ರಜ್ಞರಲ್ಲಿ ಹಬ್ಬಿತು. ಭಾಷೆ ಒಂದೇ ಆದ ಮಾತ್ರಕ್ಕೆ ಯಂತ್ರಗಳು ಒಂದಾಗುವುದಿಲ್ಲ ಎಂಬುದು ಜಾವಾ ಯುಗ ಕಲಿಸಿದ ಮೊದಲ ಪಾಠ.

2007ರ ಜೂನ್‌ನಲ್ಲಿ ಐಫೋನ್ ಮಾರುಕಟ್ಟೆಗೆ ಬಂತು. ಹೊರಗಿನ ತಂತ್ರಜ್ಞರು ಅದಕ್ಕೆ ಆ್ಯಪ್ ಬರೆಯುವ ಅವಕಾಶ ಆರಂಭದಲ್ಲಿ ಇರಲಿಲ್ಲ. ಸಫಾರಿ ಬ್ರೌಸರಿನಲ್ಲಿ ತೆರೆಯುವ ಜಾಲಪುಟಗಳನ್ನೇ ಆ್ಯಪ್‌ಗಳಂತೆ ರೂಪಿಸಿ ಎಂದು ಅದನ್ನು ತಯಾರಿಸಿದ ಆ್ಯಪಲ್ ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಹೇಳಿದ್ದರು. ತಂತ್ರಜ್ಞರಿಗೆ ಅದು ಸಾಲಲಿಲ್ಲ. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾರಾಟಕ್ಕೆ ಬಂತು. ಐಫೋನಿಗೆ ಆಬ್ಜೆಕ್ಟಿವ್ ಸಿ, ಆಂಡ್ರಾಯ್ಡ್‌ಗೆ ಜಾವಾ. ಇವುಗಳ ಜೊತೆಗೆ ಬ್ಲ್ಯಾಕ್‌ಬೆರಿ ಇತ್ತು, ನೋಕಿಯಾದ ಸಿಂಬಿಯನ್ ಇತ್ತು, 2010ರಲ್ಲಿ ವಿಂಡೋಸ್ ಫೋನ್ ಸೇರಿಕೊಂಡಿತು. ಒಂದೇ ಆ್ಯಪನ್ನು ನಾಲ್ಕೈದು ಸಲ ಬರೆಯುವ ಕಾಲ ಬಂತು.

ಇದಕ್ಕೆ ಮೊದಲ ಉತ್ತರ ಜಾಲಪುಟಗಳ ಕಡೆಯಿಂದಲೇ ಬಂತು. 2008ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಐಫೋನ್ ತಂತ್ರಜ್ಞರ ಕೂಟದಲ್ಲಿ ಫೋನ್‌ಗ್ಯಾಪ್ ಹುಟ್ಟಿತು. ಅದನ್ನು ಬೆಳೆಸಿದ್ದು ಕೆನಡಾದ ವ್ಯಾಂಕೂವರ್ ನಗರದ ನಿಟೋಬಿ ಎಂಬ ಸಣ್ಣ ಸಂಸ್ಥೆ. ಎಲ್ಲ ಹೊಸ ಫೋನುಗಳಲ್ಲೂ ಬ್ರೌಸರ್ ಇದೆ, ಎಲ್ಲ ಬ್ರೌಸರುಗಳಿಗೂ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್ ಗೊತ್ತು ಎಂಬುದೇ ಅದರ ಬುನಾದಿ. ಹೊರಗೆ ಸಾಮಾನ್ಯ ಆ್ಯಪಿನ ಕವಚ, ಒಳಗೆ ವಿಳಾಸಪಟ್ಟಿಯಿಲ್ಲದ ಒಂದು ಬ್ರೌಸರ್ ಕಿಟಕಿ, ಆ ಕಿಟಕಿಯಲ್ಲಿ ಒಂದು ಜಾಲಪುಟ. ಬ್ರೌಸರಿಗೆ ಎಟುಕದ ಕ್ಯಾಮೆರಾ, ವಿಳಾಸ ಪುಸ್ತಕ, ಸ್ಥಳಸೂಚಿಗಳನ್ನು ತಲುಪಲು ಫೋನ್‌ಗ್ಯಾಪ್ ಒಂದು ಸೇತುವೆ ಕಟ್ಟಿತು. 2011ರ ಅಕ್ಟೋಬರಿನಲ್ಲಿ ಅಡೋಬಿ ಸಂಸ್ಥೆ ನಿಟೋಬಿಯನ್ನು ಕೊಂಡು, ಕೋಡನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಅಲ್ಲಿ ಅದಕ್ಕೆ ಸಿಕ್ಕ ಹೆಸರು ಕಾರ್ಡೋವಾ. ವ್ಯಾಂಕೂವರ್‌ನಲ್ಲಿ ನಿಟೋಬಿಯ ಕಚೇರಿ ಇದ್ದ ಬೀದಿಯ ಹೆಸರದು. 2013ರಲ್ಲಿ ಬಂದ ಅಯಾನಿಕ್ ಇದೇ ತಳಹದಿಯ ಮೇಲೆ ಸಿದ್ಧ ಗುಂಡಿ, ಪಟ್ಟಿಗಳನ್ನು ಒದಗಿಸಿತು. ಜಾಲಪುಟ ಬರೆಯಬಲ್ಲವರೆಲ್ಲ ಆ್ಯಪ್ ಬರೆಯಬಲ್ಲವರಾದರು ಎಂಬುದು ಈ ದಾರಿಯ ದೊಡ್ಡ ಲಾಭ. ಆಗಿನ ಫೋನುಗಳ ಬ್ರೌಸರ್ ನಿಧಾನವಾಗಿದ್ದುದರಿಂದ ಪಟ್ಟಿಗಳು ತಡವರಿಸುತ್ತ ಸರಿಯುತ್ತಿದ್ದವು ಎಂಬುದು ನಷ್ಟ.

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. ಮೆಕ್ಸಿಕೋ ಮೂಲದ ಮಿಗೆಲ್ ಡಿ ಇಕಾಜಾ ಮತ್ತು ಸಂಗಡಿಗರು ಮೈಕ್ರೋಸಾಫ್ಟಿನ ಸಿ ಶಾರ್ಪ್ ಭಾಷೆ ವಿಂಡೋಸ್ ಹೊರಗೂ ನಡೆಯಲೆಂದು ಮೋನೋ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟುತ್ತಿದ್ದರು. 2009ರಲ್ಲಿ ಅದು ಮೋನೋಟಚ್ ಹೆಸರಿನಲ್ಲಿ ಐಫೋನಿಗೆ ಬಂತು. ನಡೆಯುವ ಹೊತ್ತಿನಲ್ಲೇ ಯಂತ್ರಭಾಷೆಯನ್ನು ಸೃಷ್ಟಿಸುವುದಕ್ಕೆ ಆ್ಯಪ್‌ಗಳಿಗೆ ಐಫೋನ್ ಬಿಡುವುದಿಲ್ಲವಾದ್ದರಿಂದ ಇಡೀ ಕೋಡನ್ನು ಮೊದಲೇ ಯಂತ್ರಭಾಷೆಗೆ ಪರಿವರ್ತಿಸುವ ವಿಧಾನವನ್ನು ಅವರು ಅನುಸರಿಸಿದರು. 2011ರಲ್ಲಿ ಮೋನೋ ತಂಡವಿದ್ದ ನೊವೆಲ್ ಸಂಸ್ಥೆ ಬೇರೆಯವರ ಪಾಲಾಗಿ ತಂಡದವರು ಕೆಲಸ ಕಳೆದುಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಜಾಮರಿನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಐದು ವರ್ಷಗಳ ಬಳಿಕ, 2016ರಲ್ಲಿ, ಮೈಕ್ರೋಸಾಫ್ಟೇ ಅದನ್ನು ಕೊಂಡಿತು. ಇಲ್ಲಿ ಗೆರೆ ಬೇರೆಡೆ ಬಿದ್ದಿತ್ತು. ಲೆಕ್ಕಾಚಾರ, ದತ್ತಾಂಶ, ಜಾಲಸಂಪರ್ಕಗಳ ಕೋಡ್ ಎರಡೂ ಫೋನುಗಳಿಗೆ ಸಮಾನ. ಪರದೆಯ ಮೇಲಿನ ಗುಂಡಿ, ಪಟ್ಟಿಗಳು ಮಾತ್ರ ಆಯಾ ಫೋನಿನವೇ.

ಅದಕ್ಕೂ ಮೊದಲೇ, 2010ರ ಏಪ್ರಿಲ್‌ನಲ್ಲಿ ಇಂಥ ಪ್ರಯತ್ನಗಳ ಮೇಲೆ ಒಂದು ಕರಿನೆರಳು ಬಿದ್ದಿತ್ತು. ಐಫೋನ್ ಆ್ಯಪ್‌ಗಳನ್ನು ಮೂಲತಃ ಆಬ್ಜೆಕ್ಟಿವ್ ಸಿ, ಸಿ, ಸಿ ಪ್ಲಸ್ ಪ್ಲಸ್ ಅಥವಾ ಬ್ರೌಸರಿನ ಜಾವಾಸ್ಕ್ರಿಪ್ಟ್‌ನಲ್ಲಿಯೇ ಬರೆದಿರಬೇಕೆಂದು ಆ್ಯಪಲ್ ತನ್ನ ಒಪ್ಪಂದದಲ್ಲಿ ಸೇರಿಸಿತು. ಫ್ಲಾಶ್‌ನಿಂದ ಐಫೋನ್ ಆ್ಯಪ್ ತಯಾರಿಸಿಕೊಡಲು ಅಡೋಬಿ ಸಿದ್ಧವಾಗಿದ್ದ ಹೊತ್ತು ಅದು. ನಡುವಿನ ಪದರಗಳು ಆ್ಯಪ್‌ಗಳ ಗುಣಮಟ್ಟವನ್ನು ಕುಗ್ಗಿಸುತ್ತವೆ ಎಂಬುದು ಜಾಬ್ಸ್ ವಾದ. ಸೆಪ್ಟೆಂಬರಿನಲ್ಲಿ ಆ್ಯಪಲ್ ನಿರ್ಬಂಧವನ್ನು ಸಡಿಲಿಸಿತು. ಐದು ತಿಂಗಳಷ್ಟೇ ಉಳಿದ ಈ ನಿಯಮ ಒಂದು ಸತ್ಯವನ್ನು ತೋರಿಸಿಕೊಟ್ಟಿತು. ಎಷ್ಟೇ ಜಾಣತನದಿಂದ ಕಟ್ಟಿದ ಸಾಧನವಾದರೂ ಅದು ನಿಂತಿರುವುದು ಇನ್ನೊಬ್ಬರ ಹೊಲದಲ್ಲಿ.

2012ರಲ್ಲಿ ಜಾಲಪುಟ ಮಾರ್ಗಕ್ಕೆ ದೊಡ್ಡ ಹಿನ್ನಡೆಯಾಯಿತು. ಫೇಸ್‌ಬುಕ್ ತನ್ನ ಐಫೋನ್ ಆ್ಯಪನ್ನು ಎಚ್‌ಟಿಎಂಎಲ್‌ನಿಂದ ಬಿಡಿಸಿ ಆಬ್ಜೆಕ್ಟಿವ್ ಸಿ ಭಾಷೆಯಲ್ಲಿ ಮತ್ತೆ ಬರೆಯಿತು. ಎಚ್‌ಟಿಎಂಎಲ್5 ಅನ್ನು ಅತಿಯಾಗಿ ನಂಬಿದ್ದೇ ಸಂಸ್ಥೆಯ ದೊಡ್ಡ ತಪ್ಪು ಎಂದು ಅದರ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಆ ಸೆಪ್ಟೆಂಬರಿನಲ್ಲಿ ಸಾರ್ವಜನಿಕವಾಗಿ ಒಪ್ಪಿಕೊಂಡರು. ಅದೇ ಸಂಸ್ಥೆಯಿಂದ ಮುಂದಿನ ಸಾಧನವೂ ಬಂತು. ಜೋರ್ಡನ್ ವಾಕೆ ರೂಪಿಸಿದ, ಜಾಲಪುಟಗಳಿಗಾಗಿ ಹುಟ್ಟಿದ ರಿಯಾಕ್ಟ್ 2013ರಲ್ಲಿ ಮುಕ್ತವಾಗಿತ್ತು. ಅದನ್ನು ಫೋನಿಗೆ ಒಗ್ಗಿಸಿದ ರಿಯಾಕ್ಟ್ ನೇಟಿವ್ 2015ರ ಮಾರ್ಚ್‌ನಲ್ಲಿ ಐಫೋನಿಗೆ, ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್‌ಗೆ ಬಿಡುಗಡೆಯಾಯಿತು. ಇದರಲ್ಲಿ ಬರೆಯುವುದು ಜಾವಾಸ್ಕ್ರಿಪ್ಟ್, ಆದರೆ ಬ್ರೌಸರ್ ಕಿಟಕಿ ಇಲ್ಲ. ಇಲ್ಲಿ ಒಂದು ಗುಂಡಿ ಬೇಕು ಎಂದು ಜಾವಾಸ್ಕ್ರಿಪ್ಟ್ ಹೇಳಿಕಳಿಸುತ್ತದೆ. ಐಫೋನ್ ತನ್ನ ಗುಂಡಿಯನ್ನು, ಆಂಡ್ರಾಯ್ಡ್ ತನ್ನ ಗುಂಡಿಯನ್ನು ತಂದಿಡುತ್ತದೆ.

ಈ ಹೇಳಿಕಳಿಸುವಿಕೆಯೇ ಅದರ ದೌರ್ಬಲ್ಯವೂ ಆಯಿತು. ಎರಡು ಬದಿಗಳ ನಡುವೆ ಪ್ರತಿಯೊಂದು ಸಂದೇಶವೂ ಪಠ್ಯರೂಪಕ್ಕೆ ಇಳಿದು, ಸರದಿಯಲ್ಲಿ ನಿಂತು, ಸೇತುವೆ ದಾಟಬೇಕಿತ್ತು. ಬೆರಳು ವೇಗವಾಗಿ ಸರಿದಾಗ ಸೇತುವೆಯ ಮೇಲೆ ದಟ್ಟಣೆಯಾಗುತ್ತಿತ್ತು. 2016ರಲ್ಲಿ ರಿಯಾಕ್ಟ್ ನೇಟಿವ್ ಅನ್ನು ಅಳವಡಿಸಿಕೊಂಡಿದ್ದ ವಸತಿ ಬಾಡಿಗೆ ಸಂಸ್ಥೆ ಏರ್‌ಬಿಎನ್‌ಬಿ 2018ರಲ್ಲಿ ಕೈಬಿಟ್ಟು, ಕಾರಣಗಳನ್ನು ವಿವರವಾಗಿ ಪ್ರಕಟಿಸಿತು. ಆ ಬಳಿಕ ಸೇತುವೆಯನ್ನೇ ತೆಗೆದು, ಎರಡೂ ಬದಿಗಳು ನೇರವಾಗಿ ಮಾತಾಡುವ ಹೊಸ ರಚನೆಯನ್ನು ಕಟ್ಟಲಾಯಿತು. 2024ರ ಅಕ್ಟೋಬರಿನಿಂದ ಹೊಸ ಆ್ಯಪ್‌ಗಳಿಗೆ ಅದೇ ಸಹಜ ರಚನೆ.

ಗೂಗಲ್ ಗೆರೆಯನ್ನು ಇನ್ನೂ ಕೆಳಕ್ಕೆ ಎಳೆಯಿತು. 2015ರಲ್ಲಿ ಸ್ಕೈ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ ಪ್ರಯೋಗ 2018ರ ಡಿಸೆಂಬರ್ 4ರಂದು ಫ್ಲಟರ್ ಹೆಸರಿನಲ್ಲಿ ಮೊದಲ ಸ್ಥಿರ ಆವೃತ್ತಿಯಾಗಿ ಹೊರಬಂತು. ಅದರ ಭಾಷೆ ಡಾರ್ಟ್. ಫ್ಲಟರ್ ಫೋನಿನ ಗುಂಡಿಯನ್ನು ಕೇಳುವುದೇ ಇಲ್ಲ. ಫೋನಿನಿಂದ ಒಂದು ಖಾಲಿ ಹಾಳೆಯನ್ನಷ್ಟೇ ಪಡೆದು, ಗುಂಡಿ, ನೆರಳು, ಅಕ್ಷರ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಹೀಗಾಗಿ ಆ್ಯಪ್ ಎರಡೂ ಫೋನುಗಳಲ್ಲಿ ಒಂದೇ ರೀತಿ ಕಾಣುತ್ತದೆ. ಕೋಡ್ ತಿದ್ದಿದ ಕ್ಷಣದಲ್ಲೇ ನಡೆಯುತ್ತಿರುವ ಆ್ಯಪ್ ಬದಲಾಗುವ ಸೌಲಭ್ಯವೂ ಅದರ ಜನಪ್ರಿಯತೆಗೆ ಕಾರಣ. ಬೆಂಗಳೂರಿನ ಷೇರು ವಹಿವಾಟು ಸಂಸ್ಥೆ ಜೆರೋಧಾ ತನ್ನ ಕೈಟ್ ಆ್ಯಪನ್ನು ರಿಯಾಕ್ಟ್ ನೇಟಿವ್‌ನಿಂದ ಫ್ಲಟರ್‌ಗೆ ಬದಲಿಸಿಕೊಂಡ ಆರಂಭದ ಸಂಸ್ಥೆಗಳಲ್ಲಿ ಒಂದು.

ಎಲ್ಲವನ್ನೂ ತಾನೇ ಬಿಡಿಸುವ ಸಾಧನ ಕನ್ನಡವನ್ನೂ ತಾನೇ ಬರೆಯಬೇಕಾಗುತ್ತದೆ. ಅದು ಸುಲಭದ ಕೆಲಸವಲ್ಲ. ಶಕ್ತಿ ಎಂಬ ಪದದಲ್ಲಿ ಗುಡಿಸು ಉಚ್ಚಾರದಲ್ಲಿ ತಕಾರದ್ದು, ಬರವಣಿಗೆಯಲ್ಲಿ ಏರುವುದು ಕಕಾರದ ಮೇಲೆ, ತಕಾರ ಒತ್ತಾಗಿ ಕೆಳಗಿಳಿಯುತ್ತದೆ. ಸೂರ್ಯ ಎಂಬಲ್ಲಿ ರಕಾರ ಮೊದಲು ಕೇಳಿಸಿದರೂ ಅರ್ಕಾವೊತ್ತಾಗಿ ಯಕಾರದ ನಂತರ ಬರುತ್ತದೆ. ಸ್ಮರಣೆಯಲ್ಲಿರುವ ಕ್ರಮವನ್ನು ಕಣ್ಣಿಗೆ ಕಾಣುವ ಕ್ರಮಕ್ಕೆ ತರುವ ಈ ಕೆಲಸವನ್ನು ಫ್ಲಟರ್‌ನಲ್ಲಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಬಳಸುವುದೂ ಅದನ್ನೇ. ಅಂಥ ಏರ್ಪಾಡು ಇಲ್ಲದ ಕಡೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆಟಗಳ ತಯಾರಿಕೆಗೆ ಬಳಸುವ ಯೂನಿಟಿ ಎಂಜಿನ್ ಬಹುಕಾಲ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುತ್ತಿರಲಿಲ್ಲ. ಅಕ್ಷರ ಬಿಡಿಸುವ ಹೊಣೆಯನ್ನು ಫೋನಿಗೇ ಬಿಟ್ಟ ಸಾಧನಗಳಲ್ಲಿ ಈ ತೊಡಕು ಇರಲಿಲ್ಲ. ಫೋನಿಗೆ ಕನ್ನಡ ಬಂದರೆ ಆ್ಯಪಿಗೂ ಬರುತ್ತಿತ್ತು.

ಜಾಲಪುಟದ ಮಾರ್ಗವೂ ಮುಚ್ಚಿಹೋಗಲಿಲ್ಲ. 2015ರಲ್ಲಿ ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂಬ ಹೆಸರು ಚಾಲ್ತಿಗೆ ಬಂತು. ಜಾಲಪುಟವೇ ತನ್ನ ಭಾಗಗಳನ್ನು ಫೋನಿನಲ್ಲಿ ಉಳಿಸಿಕೊಂಡು, ಸಂಪರ್ಕ ಕಡಿದಾಗಲೂ ತೆರೆದುಕೊಳ್ಳುವ ವಿಧಾನ ಅದು. ಅದರ ಮೊದಲ ದೊಡ್ಡ ಉದಾಹರಣೆಗಳಲ್ಲಿ ಒಂದು ಬೆಂಗಳೂರಿನದೇ. ಮೊಬೈಲ್ ಜಾಲತಾಣವನ್ನು ಮುಚ್ಚಿ ಆ್ಯಪನ್ನೇ ನೆಚ್ಚಿದ್ದ ಆನ್‌ಲೈನ್ ಮಳಿಗೆ ಫ್ಲಿಪ್‌ಕಾರ್ಟ್, 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಹೆಸರಿನಲ್ಲಿ ಜಾಲಕ್ಕೆ ಮರಳಿತು. ಸಂಪರ್ಕ ದುರ್ಬಲವಾದ, ಫೋನಿನಲ್ಲಿ ಜಾಗ ಕಡಿಮೆಯಿರುವ ದೇಶಕ್ಕೆ ಆ ವಿಧಾನ ಹೊಂದುತ್ತಿತ್ತು.

ಈಚಿನ ಮಾರ್ಗ ರಷ್ಯಾದ ತಂತ್ರಜ್ಞರು ಕಟ್ಟಿದ ಜೆಟ್‌ಬ್ರೇನ್ಸ್ ಸಂಸ್ಥೆಯದು. ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಒಂದು ದ್ವೀಪದ ಹೆಸರು ಹೊತ್ತ ಅದರ ಕಾಟ್ಲಿನ್ ಭಾಷೆಗೆ ಗೂಗಲ್ 2017ರಲ್ಲಿ ಆಂಡ್ರಾಯ್ಡ್ ಭಾಷೆಯಾಗಿ ಮನ್ನಣೆ ಕೊಟ್ಟಿತು. 2023ರ ನವೆಂಬರಿನಲ್ಲಿ ಸ್ಥಿರವಾದ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಎಲ್ಲವನ್ನೂ ಹಂಚಿಕೊಳ್ಳಿ ಎಂದು ಒತ್ತಾಯಿಸುವುದಿಲ್ಲ. ಲೆಕ್ಕಾಚಾರದ ಭಾಗವನ್ನಷ್ಟೇ ಹಂಚಿಕೊಂಡು ಪರದೆಯನ್ನು ಆಯಾ ಫೋನಿನ ಭಾಷೆಯಲ್ಲೇ ಬರೆಯಬಹುದು, ಬೇಕೆಂದರೆ ಪರದೆಯನ್ನೂ ಹಂಚಿಕೊಳ್ಳಬಹುದು. ಗೆರೆ ಎಳೆಯುವ ಅಧಿಕಾರ ಬರೆಯುವವರ ಕೈಗೇ ಬಂದಿತು.

ಈ ಸಾಧನಗಳಲ್ಲಿ ಹಲವು ಈಗ ಇಲ್ಲ. ಅಡೋಬಿ 2020ರಲ್ಲಿ ಫೋನ್‌ಗ್ಯಾಪ್ ಸೇವೆಯನ್ನು ನಿಲ್ಲಿಸಿತು. 2024ರ ಮೇ 1ರಂದು ಮೈಕ್ರೋಸಾಫ್ಟ್ ಜಾಮರಿನ್‌ಗೆ ಬೆಂಬಲವನ್ನು ಕೊನೆಗೊಳಿಸಿತು. ಅದರ ಜಾಗದಲ್ಲಿ ಡಾಟ್ ನೆಟ್ ಮಾವಿ ಇದೆ. ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್ ಫೋನ್ ಕಣ್ಮರೆಯಾಗಿ ಉಳಿದ ದೊಡ್ಡ ವೇದಿಕೆಗಳು ಎರಡೇ. ಆದರೆ ಸಾಧನ ಸತ್ತರೂ ಅದು ಕಂಡುಕೊಂಡ ವಿಧಾನ ಮುಂದಿನ ಸಾಧನದಲ್ಲಿ ಉಳಿದಿದೆ. ಜಾವಾದ ನಡುಪದರ, ಫೋನ್‌ಗ್ಯಾಪಿನ ಸೇತುವೆ, ಮೋನೋಟಚ್‌ನ ಮುಂಚಿತ ಪರಿವರ್ತನೆ, ಇವೆಲ್ಲ ಇಂದಿಗೂ ಬೇರೆ ಬೇರೆ ಹೆಸರಿನಲ್ಲಿ ಕೆಲಸ ಮಾಡುತ್ತಿವೆ. ಎಲ್ಲ ಆ್ಯಪ್‌ಗಳಿಗೂ ಹೊಂದುವ ಒಂದೇ ಸಾಧನ ಈವರೆಗೆ ಬಂದಿಲ್ಲ. ಸಣ್ಣ ತಂಡಕ್ಕೆ, ನಮೂನೆ ತುಂಬಿಸುವ, ಪಟ್ಟಿ ತೋರಿಸುವ ಆ್ಯಪಿಗೆ ಒಂದೇ ಬರಹ ಸಾಕು. ಯಂತ್ರದ ಪೂರ್ತಿ ಶಕ್ತಿ ಬೇಕಾದ ಆ್ಯಪಿಗೆ ಎರಡು ಬರಹಗಳೇ ಸರಿ. ಕನ್ನಡದಲ್ಲಿ ಆ್ಯಪ್ ಮಾಡುವವರು ಸಾಧನ ಯಾವುದೇ ಇರಲಿ, ಅದರಲ್ಲಿ ಶಕ್ತಿ ಮತ್ತು ಸೂರ್ಯ ಎಂಬ ಎರಡು ಪದಗಳನ್ನು ಮೊದಲು ಬರೆಸಿ, ಎರಡೂ ಬಗೆಯ ಫೋನುಗಳಲ್ಲಿ ನೋಡಬೇಕು. ಅವು ಎರಡರಲ್ಲೂ ಸರಿಯಾಗಿ ಮೂಡಿದ ಮೇಲೆಯೇ ಉಳಿದ ಕೆಲಸಕ್ಕೆ ಕೈಹಾಕಬೇಕು.